ಇಟಲಿಗೆ ಹೊರಟ ಸಮಡೋಳಿಯವರಿಗೆ

ಅವ್ವ, ಅಪ್ಪ, ಮಕ್ಕಳನ್ನೆಲ್ಲ ಕರಕೊಂಡು ರೋಮ್, ಫ್ಲಾರೆನ್ಸ್ ನೋಡಲು ಹೊರಟಿದ್ದೀರಾ? ಟಿಕೆಟ್ ತೆಗೆಸುವ ಮೊದಲು ಸೂರ್ಯನನ್ನು ವಿಚಾರಿಸಿ. 1924ರಲ್ಲಿ ಜೈನ ಮುನಿ ಶಾಂತಿಸಾಗರರು ಆಚಾರ್ಯ ಪದವಿಗೇರಿದ ಊರು ನಿಮ್ಮದು. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ ಹಿರಿಯರು ಮನೆಯಲ್ಲಿರುತ್ತಾರೆ. ಜೂನ್‌ನಲ್ಲಿ ರೋಮಿನ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ, ಆರಾಮಾಗಿ ಉಣ್ಣಬಹುದು. ಡಿಸೆಂಬರಿನಲ್ಲಿ ಐದಕ್ಕೆ ಮೊದಲೇ ಮುಳುಗಿರುತ್ತದೆ. ಅಲ್ಲಿಯ ಹೆಚ್ಚಿನ ಹೋಟೆಲುಗಳಲ್ಲಿ ರಾತ್ರಿಯೂಟ ಶುರುವಾಗುವುದೇ ಏಳರ ಮೇಲೆ.

ಪಾಸ್ತಾದ ಮೇಲೆ ಉದುರಿಸುವ ಪಾರ್ಮೆಸಾನ್ ಚೀಸ್ ಬೇಡವೆನ್ನಿ. ಅದಕ್ಕೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ‘ಸೆನ್ಜಾ ಆಲ್ಯೊ, ಸೆನ್ಜಾ ಚಿಪೊಲ್ಲಾ’ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿ: ಬೆಳ್ಳುಳ್ಳಿ ಬೇಡ, ಉಳ್ಳಾಗಡ್ಡಿ ಬೇಡ. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬೆಳ್ಳುಳ್ಳಿ ಹಾಕದ ಸಾಂಗ್ಲಿ ಭಡಂಗ ಇರಲಿ. ಪೇಢೆ, ತುಪ್ಪ ಮನೆಯಲ್ಲೇ ಬಿಡಿ. ಹೊರದೇಶದ ಹಾಲಿನ ಪದಾರ್ಥವನ್ನು ಯುರೋಪಿನ ಕಸ್ಟಮ್ಸ್‌ನವರು ಒಳಗೆ ಬಿಡುವುದಿಲ್ಲ.

ಫ್ಲಾರೆನ್ಸಿನ ಉಫಿಜಿ ಸಂಗ್ರಹಾಲಯಕ್ಕೂ ಡೇವಿಡ್ ಮೂರ್ತಿಯಿರುವ ಅಕಾಡೆಮಿಯಾಕ್ಕೂ ಸೋಮವಾರ ರಜೆ. ಇಗರ್ಜಿಗೆ ಭುಜ ಮುಚ್ಚುವ ಬಟ್ಟೆ ಬೇಕು, ನಮ್ಮ ಹೆಣ್ಣುಮಕ್ಕಳ ಸೆರಗಿಗೆ ಆ ಚಿಂತೆಯೇ ಇಲ್ಲ.

ಹೊರಡುವ ಮುಂಚಿನ ಭಾನುವಾರ ಮಕ್ಕಳಿಗೆ ಕುಂಭೋಜದ ಬಾಹುಬಲಿ ಮೂರ್ತಿಯನ್ನು ಮತ್ತೊಮ್ಮೆ ತೋರಿಸಿ. ಅದೂ ಅಮೃತಶಿಲೆ, 28 ಅಡಿ. ಮೈಕೆಲೆಂಜೆಲೊ 1501ರಿಂದ 1504ರವರೆಗೆ ಕಡೆದ ಡೇವಿಡ್ 17 ಅಡಿ. ಒಬ್ಬ ಯುದ್ಧ ಮುಗಿಸಿ ಎಲ್ಲ ಬಿಟ್ಟು ನಿಂತವನು, ಇನ್ನೊಬ್ಬ ಕವಣೆ ಹೆಗಲಿಗೇರಿಸಿ ವೈರಿಯನ್ನು ದಿಟ್ಟಿಸುತ್ತಿರುವವನು. ಅವನೆದುರು ನಿಂತಾಗ ನೀವು ಸುಮ್ಮನಿರಿ, ಮಕ್ಕಳು ಮಾತಾಡಲಿ.