ಪುಣೆಯಲ್ಲಿ ಒಬ್ಬರೇ ಓಡಾಡುವಾಗ: ಸ್ವರಕ್ಷಣೆಯ ಎಂಟು ಹೆಜ್ಜೆ

ಓದಿಗೆ, ಕೆಲಸಕ್ಕೆಂದು ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಹೋಗುವವರು ಬಹಳ. ರಾತ್ರಿ ಬಸ್ಸು ಹತ್ತಿದವರಲ್ಲಿ ಅನೇಕರು ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಇಳಿಯುವಾಗ ಇನ್ನೂ ಪೂರ್ತಿ ಬೆಳಕು ಹರಿದಿರುವುದಿಲ್ಲ. ಅದೇ ನಿಲ್ದಾಣದಲ್ಲಿ 2025ರ ಫೆಬ್ರುವರಿ 25ರ ನಸುಕಿನಲ್ಲಿ, ಫಲಟಣದ ಬಸ್ಸಿಗೆ ಕಾಯುತ್ತಿದ್ದ ಯುವತಿಯ ಮೇಲೆ ಅತ್ಯಾಚಾರ ನಡೆಯಿತು. ಪೊಲೀಸರ ಪ್ರಕಾರ, ಆರೋಪಿ ಮೊದಲು ಅಕ್ಕರೆಯಿಂದಲೇ ಮಾತಾಡಿಸಿದ. ನಿಮ್ಮ ಬಸ್ಸು ಅಲ್ಲಿ ನಿಂತಿದೆ ಎಂದು ನಂಬಿಸಿ, ದೀಪವಿಲ್ಲದ ಶಿವಶಾಹಿ (ಮಹಾರಾಷ್ಟ್ರ ಸಾರಿಗೆಯ) ಬಸ್ಸಿನತ್ತ ಕರೆದೊಯ್ದ. ಅಲ್ಲಿಂದ ಕೂಗಳತೆಯಲ್ಲೇ ಪೊಲೀಸ್ ಠಾಣೆಯಿದೆ.

ಇಂಥದ್ದು ಪುಣೆಯಲ್ಲಿ ಮೊದಲೂ ನಡೆದಿದೆ. 2009ರ ಅಕ್ಟೋಬರ್‌ನಲ್ಲಿ ಖರಾಡಿಯಲ್ಲಿ ಮನೆಗೆ ಹೊರಟು ನಿಂತಿದ್ದ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಕ್ಯಾಬ್ ಚಾಲಕನೊಬ್ಬ ಡ್ರಾಪ್ ಕೊಡುತ್ತೇನೆಂದ. 2007ರ ನವೆಂಬರ್‌ನಲ್ಲಿ ಬಿಪಿಒ ಉದ್ಯೋಗಿಯನ್ನು ರಾತ್ರಿ ಪಾಳಿಗೆ ಕರೆದೊಯ್ಯಲು ಬಂದದ್ದು ಕಂಪನಿಯೇ ಗೊತ್ತುಮಾಡಿದ್ದ ಕ್ಯಾಬ್. ಚಾಲಕನ ಜೊತೆ ಅವನ ಗೆಳೆಯನೂ ಇದ್ದ. ಆ ಇಬ್ಬರು ಹೆಣ್ಣುಮಕ್ಕಳೂ ಬದುಕುಳಿಯಲಿಲ್ಲ.

ಇವುಗಳಲ್ಲಿ ಹೊಣೆ ಪೂರ್ತಿ ದುಷ್ಕರ್ಮಿಗಳದೇ. ನಾವು ಗಮನಿಸಬೇಕಾದ್ದು ಅವರ ಪಟ್ಟು: ಕೈ ಹಾಕುವ ಮೊದಲು ನಂಬಿಕೆ ಹುಟ್ಟಿಸಿದರು. ಹಾಗಾಗಿ ಸ್ವರಕ್ಷಣೆಯ ಪಾಠ ಗುದ್ದಾಟಕ್ಕಿಂತ ಎಷ್ಟೋ ಮೊದಲೇ ಶುರುವಾಗಬೇಕು.

1. ಹೊರಡುವ ಮೊದಲು ಫೋನ್ ಸಜ್ಜುಮಾಡಿ

ಸೆಟ್ಟಿಂಗ್ಸ್‌ನಲ್ಲಿ 'ಎಮರ್ಜೆನ್ಸಿ ಎಸ್‌ಒಎಸ್' ಹುಡುಕಿ, ಆನ್ ಮಾಡಿ. ಪವರ್ ಬಟನ್ ಅನ್ನು ಕೆಲವು ಫೋನ್‌ಗಳಲ್ಲಿ ಮೂರು ಬಾರಿ, ಕೆಲವುಗಳಲ್ಲಿ ಐದು ಬಾರಿ ಬೇಗಬೇಗ ಒತ್ತಬೇಕು. ನಿಮ್ಮದು ಯಾವುದೆಂದು ತಿಳಿದಿರಲಿ. ತುರ್ತು ಸಂಪರ್ಕಕ್ಕೆ ಇಬ್ಬರ ಹೆಸರು ಸೇರಿಸಿ. ಒಬ್ಬರಾದರೂ ಪುಣೆಯಲ್ಲೇ ಇರುವವರಾಗಲಿ. ಗದಗದಲ್ಲಿರುವ ಅಣ್ಣ ಹದಿನೈದು ನಿಮಿಷದಲ್ಲಿ ಬಂದು ಮುಟ್ಟಲಾರ. ವಾಟ್ಸ್‌ಆ್ಯಪ್‌ನ ಲೈವ್ ಲೊಕೇಶನ್ 15 ನಿಮಿಷ, 1 ಗಂಟೆ ಅಥವಾ 8 ಗಂಟೆಗೆ ಸಿಗುತ್ತದೆ. ಹೊರಡುವಾಗಲೇ ಕಳಿಸಿಬಿಡಿ. ಚಾರ್ಜ್ ಮುಗಿದರೆ ಬೇಕಾದೀತೆಂದು ಎರಡು ನಂಬರ್‌ಗಳನ್ನು ಚೀಟಿಯಲ್ಲಿ ಬರೆದು ಪರ್ಸ್‌ನಲ್ಲಿಡಿ.

2. ನಿಲ್ದಾಣದಲ್ಲಿ: ಕೇಳಿದ್ದನ್ನು ತಾಳೆನೋಡಿ

ಬಸ್ಸು ಎಲ್ಲಿ ಬರುತ್ತದೆ ಎಂದು ವಿಚಾರಣಾ ಕಿಟಕಿಯಲ್ಲಿ ಅಥವಾ ಸಮವಸ್ತ್ರದ ಕಂಡಕ್ಟರ್ ಬಳಿ ಕೇಳಿ. ನೀವು ಕೇಳದೆಯೇ ದಾರಿ ತೋರಿಸಲು ಬಂದವರ ಹಿಂದೆ ಹೋಗಬೇಡಿ. 'ಬೇಡ' ಎನ್ನಲು ಕಾರಣ ಕೊಡಬೇಕಿಲ್ಲ, ಒರಟುತನವೆನಿಸಿದರೂ ಚಿಂತೆಯಿಲ್ಲ. ದೀಪವಿಲ್ಲದ, ಕಂಡಕ್ಟರ್ ಇಲ್ಲದ ಬಸ್ಸನ್ನು ಯಾರು ಹೇಳಿದರೂ ಹತ್ತಬೇಡಿ. ನಸುಕಿನಲ್ಲಿ ಇಳಿದರೆ ಬೆಳಕಿರುವ, ಹೆಚ್ಚು ಜನ ಕೂತಿರುವ ಕಡೆ ಬೆಳಗಾಗುವ ತನಕ ಕಾಯಿರಿ. ಸ್ವಾರಗೇಟ್‌ಗೆ 2024ರ ಸೆಪ್ಟೆಂಬರ್‌ನಿಂದ ಮೆಟ್ರೊ ಇದೆ. ಮೊದಲ ರೈಲು ಸಿಗುವವರೆಗೆ ಕಾದರೆ ಆಟೊ ಚೌಕಾಸಿಯೂ ತಪ್ಪುತ್ತದೆ.

3. ಕ್ಯಾಬ್, ಆಟೊ ಹತ್ತುವಾಗ

ನಂಬರ್ ಪ್ಲೇಟ್, ಚಾಲಕನ ಮುಖ ಆ್ಯಪ್‌ನಲ್ಲಿರುವುದಕ್ಕೆ ಹೊಂದಬೇಕು. ನೀವು ಹೆಸರು ಹೇಳುವ ಬದಲು ಯಾರಿಗಾಗಿ ಬಂದಿದ್ದೀರಿ ಎಂದು ಅವನನ್ನೇ ಕೇಳಿ. ಒಳಗೆ ಇನ್ನೊಬ್ಬ ಇದ್ದರೆ, ಕಂಪನಿಯ ಗಾಡಿಯೇ ಆಗಿರಲಿ, ಹತ್ತಬೇಡಿ. ಕೂತ ಮೇಲೆ ಬಾಗಿಲನ್ನು ಒಳಗಿನಿಂದ ಒಮ್ಮೆ ತೆರೆದು ಮುಚ್ಚಿ. ಚೈಲ್ಡ್ ಲಾಕ್ ಹಾಕಿದ್ದರೆ ಆಗಲೇ ಗೊತ್ತಾಗುತ್ತದೆ. ಗಾಡಿ ನಂಬರನ್ನು ಚಾಲಕನಿಗೆ ಕೇಳಿಸುವಂತೆ ಫೋನಿನಲ್ಲಿ ಹೇಳಿ. ದಾರಿ ಬದಲಾದರೆ ಕಾರಣ ಕೇಳಿ. ಉತ್ತರ ಸರಿಯೆನಿಸದಿದ್ದರೆ ಪೆಟ್ರೋಲ್ ಬಂಕ್ ಅಥವಾ ಜನರಿರುವ ಚೌಕದಲ್ಲಿ ನಿಲ್ಲಿಸಲು ಹೇಳಿ, 112ಕ್ಕೆ ಕರೆ ಮಾಡಿ.

4. ನಡೆಯುವಾಗ

ಎದುರಿನಿಂದ ವಾಹನ ಬರುವ ಬದಿಯಲ್ಲಿ ನಡೆಯಿರಿ. ಬೈಕ್ ಹಿಂದಿನಿಂದ ಬಂದು ಸರ ಕೀಳುವುದು ಕಷ್ಟವಾಗುತ್ತದೆ. ಬ್ಯಾಗು ಕಟ್ಟಡದ ಕಡೆಗಿರಲಿ. ಕಿತ್ತರೆ ಜಗ್ಗಾಡಬೇಡಿ, ಬೈಕ್ ನಿಮ್ಮನ್ನೇ ಎಳೆದೊಯ್ದೀತು. ಯಾರೋ ಹಿಂಬಾಲಿಸುತ್ತಿದ್ದಾರೆ ಎನಿಸಿದರೆ ರಸ್ತೆ ದಾಟಿ ನೋಡಿ. ಆಗಲೂ ಬೆನ್ನುಬಿಡದಿದ್ದರೆ ಮನೆಗೆ ಹೋಗದೆ ಮೆಡಿಕಲ್ ಶಾಪ್ ಅಥವಾ ಹೋಟೆಲ್ ಹೊಕ್ಕು ವಿಷಯ ಹೇಳಿ. ಟೇಕಡಿ (ಗುಡ್ಡ), ಘಾಟಿಗಳಿಂದ ಕತ್ತಲಾಗುವ ಮೊದಲೇ ಇಳಿಯಿರಿ. 2024ರ ಅಕ್ಟೋಬರ್‌ನಲ್ಲಿ ಬೋಪದೇವ ಘಾಟಿನಲ್ಲಿ ಯುವತಿಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಾಗ ಅವರ ಜೊತೆ ಗೆಳೆಯನಿದ್ದ; ದುಷ್ಕರ್ಮಿಗಳು ಅವನನ್ನು ಕಟ್ಟಿಹಾಕಿದ್ದರು.

5. ಮೈಮೇಲೆ ಬರುವಂತಿದ್ದರೆ: ಅಂತರ, ದನಿ

ಎರಡು ತೋಳಿನಷ್ಟು ದೂರ ಕಾಯ್ದುಕೊಳ್ಳಿ. ಅಂಗೈ ಬಿಚ್ಚಿ ಎರಡೂ ಕೈಗಳನ್ನು ಎದೆಯ ಮುಂದೆ ಹಿಡಿದು, ಒಂದು ಕಾಲು ಹಿಂದಿಟ್ಟು ನಿಲ್ಲಿ. ಹೊಟ್ಟೆಯಿಂದ ದನಿ ತೆಗೆದು ಕೂಗಿ. ಪುಣೆಯಲ್ಲಿ ಮರಾಠಿಯಲ್ಲಿ ಕೂಗಿದರೆ ಬೇಗ ಕಿವಿಗೊಡುತ್ತಾರೆ: 'ವಾಚವಾ!' (ಕಾಪಾಡಿ), 'ಪೋಲಿಸಾಂನಾ ಫೋನ್ ಕರಾ' (ಪೊಲೀಸರಿಗೆ ಫೋನ್ ಮಾಡಿ), 'ಮೀ ಯಾಲಾ ಓಳಖತ್ ನಾಹೀ' (ಇವನು ಯಾರೋ ನನಗೆ ಗೊತ್ತಿಲ್ಲ). ಕೊನೆಯದು ಬಹಳ ಮುಖ್ಯ. ಗಂಡ-ಹೆಂಡಿರ ಜಗಳವೆಂದುಕೊಂಡು ಜನ ದೂರ ನಿಲ್ಲುವುದುಂಟು. ಗುಂಪಿಗೆಲ್ಲ ಕೂಗುವ ಬದಲು ಒಬ್ಬರತ್ತ ಬೆರಳು ತೋರಿಸಿ, 'ನೀಲಿ ಶರ್ಟಿನವರೇ, ನೀವು ಬನ್ನಿ' ಎಂದು ಕರೆಯಿರಿ.

6. ಹಿಡಿದುಕೊಂಡರೆ

ಮಣಿಕಟ್ಟು ಹಿಡಿದರೆ: ಹಿಡಿತ ಸಡಿಲವಿರುವುದು ಅವನ ಹೆಬ್ಬೆರಳು ಮತ್ತು ಬೆರಳುಗಳು ಕೂಡುವಲ್ಲಿ. ಕೈಯನ್ನು ಆ ಸಂದಿನತ್ತ ತಿರುಗಿಸಿ, ಮೊಣಕೈ ಮಡಚಿ, ಮೈಭಾರ ಹಾಕಿ ಜಗ್ಗಿ.

ಕೂದಲು ಹಿಡಿದರೆ: ಅವನ ಕೈಯನ್ನು ನಿಮ್ಮ ಎರಡೂ ಕೈಗಳಿಂದ ತಲೆಗೆ ಒತ್ತಿಹಿಡಿಯಿರಿ. ನೋವು ಕಡಿಮೆಯಾಗಿ ಕಾಲಿನಿಂದ ಒದೆಯಲು ಅವಕಾಶ ಸಿಗುತ್ತದೆ.

ಹಿಂದಿನಿಂದ ತಬ್ಬಿದರೆ: ಮಂಡಿ ಮಡಚಿ ಮೈಭಾರ ಕೆಳಗಿಳಿಸಿ, ಹಿಮ್ಮಡಿಯಿಂದ ಪಾದ ತುಳಿಯಿರಿ, ಮೊಣಕೈಯಿಂದ ಪಕ್ಕೆಗೆ ತಿವಿಯಿರಿ.

ಎದುರಿದ್ದರೆ: ಮುಷ್ಟಿ ಕಟ್ಟಬೇಡಿ, ಬೆರಳು ಮುರಿದೀತು. ಅಂಗೈಯ ಬುಡದಿಂದ ಮೂಗು, ಗದ್ದಕ್ಕೆ ಹೊಡೆಯಿರಿ, ಮಂಡಿಯಿಂದ ತೊಡೆಸಂದಿಗೆ.

ಎರಡು ಮೂರು ಏಟು, ಆಮೇಲೆ ಓಟ. ಪೆಪ್ಪರ್ ಸ್ಪ್ರೇ ಇದ್ದರೆ ಬ್ಯಾಗಿನ ತಳದಲ್ಲಿಡದೆ ಕೈಗೆ ಸಿಗುವಲ್ಲಿಡಿ, ಗಾಳಿಯ ದಿಕ್ಕು ನೋಡಿ ಹೊಡೆಯಿರಿ, ಅವಧಿ ಮುಗಿದದ್ದನ್ನು ಬದಲಿಸಿ. ಓದಿ ಕಲಿತದ್ದು ಗಾಬರಿಯಲ್ಲಿ ನೆನಪಾಗದು. ಮನೆಯಲ್ಲಿ ಅಕ್ಕತಂಗಿಯರೋ ಗೆಳತಿಯರೋ ಸೇರಿ ಮೆಲ್ಲಗೆ ಅಭ್ಯಾಸ ಮಾಡಿ.

7. ಕೈಯಲ್ಲಿ ಕೋಯ್ತಾ ಇದ್ದರೆ

ಪುಣೆಯ ಸುದ್ದಿಗಳಲ್ಲಿ ಕೋಯ್ತಾ, ಅಂದರೆ ಮಚ್ಚು, ಪದೇಪದೇ ಬರುತ್ತದೆ. ಅದರೆದುರು ಮೇಲಿನ ಪಟ್ಟುಗಳನ್ನು ಪ್ರಯೋಗಿಸಬೇಡಿ. ಫೋನ್, ಪರ್ಸ್ ಕೇಳಿದರೆ ಒಂದು ಕಡೆಗೆ ಎಸೆದು ಇನ್ನೊಂದು ಕಡೆಗೆ ಓಡಿ. ಪ್ರಾಣಕ್ಕೇ ಬಂದಿದ್ದರೆ ಕಾರು, ಕುರ್ಚಿ, ಬ್ಯಾಗು, ಏನನ್ನಾದರೂ ನಡುವೆ ತಂದುಕೊಳ್ಳಿ. 2023ರ ಜೂನ್‌ನಲ್ಲಿ ಸದಾಶಿವ ಪೇಟೆಯಲ್ಲಿ ಹಗಲಲ್ಲೇ ಯುವತಿಯೊಬ್ಬಳನ್ನು ಪರಿಚಿತನೇ ಕೋಯ್ತಾ ಹಿಡಿದು ಅಟ್ಟಿಸಿಕೊಂಡು ಬಂದಾಗ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಯುವಕರು ಅವನನ್ನು ತಡೆದು ಜೀವ ಉಳಿಸಿದರು. ನೀವು ದಾರಿಹೋಕರಾಗಿದ್ದರೆ ಒಬ್ಬರೇ ನುಗ್ಗದೆ ನಾಲ್ಕು ಜನರನ್ನು ಕೂಗಿ ಸೇರಿಸಿ, ದೂರದಿಂದಲೇ ಗದ್ದಲವೆಬ್ಬಿಸಿ, 112ಕ್ಕೆ ಕರೆ ಮಾಡಿ.

8. ಆಮೇಲೆ: ಕಾನೂನು ನಿಮ್ಮ ಪರ

ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ಕೊಲೆ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿಯ ಭಯವಿದ್ದಾಗ ಎದುರಾಳಿಯ ಸಾವಿನವರೆಗೂ ಆ ಹಕ್ಕು ಸಲ್ಲುತ್ತದೆ. ಮಿತಿಯೂ ಇದೆ: ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ; ಓಡಿಹೋದವನನ್ನು ಬೆನ್ನಟ್ಟಿ ಹೊಡೆದರೆ ಅದು ರಕ್ಷಣೆಯೆನಿಸದು.

ಲೈಂಗಿಕ ದೌರ್ಜನ್ಯವಾಗಿದ್ದರೆ ಸ್ನಾನ ಮಾಡುವ, ಬಟ್ಟೆ ಒಗೆಯುವ ಮೊದಲು ಆಸ್ಪತ್ರೆಗೆ ಹೋಗಿ. ಸರ್ಕಾರಿಯಿರಲಿ ಖಾಸಗಿಯಿರಲಿ, ಅತ್ಯಾಚಾರ ಮತ್ತು ಆ್ಯಸಿಡ್ ದಾಳಿಗೆ ಒಳಗಾದವರಿಗೆ ಉಚಿತ ಚಿಕಿತ್ಸೆ ಕೊಡುವುದು ಆಸ್ಪತ್ರೆಯ ಕಡ್ಡಾಯ ಕರ್ತವ್ಯ. 'ಇದು ನಮ್ಮ ಹದ್ದಿಗೆ ಬರುವುದಿಲ್ಲ' ಎಂದು ಯಾವ ಠಾಣೆಯೂ ನಿಮ್ಮನ್ನು ವಾಪಸ್ ಕಳಿಸುವಂತಿಲ್ಲ. ಜೀರೊ ಎಫ್‌ಐಆರ್ ದಾಖಲಿಸಲು ಕೇಳಿ. ಊರಿಗೆ ಮರಳಿದ ಮೇಲೆ ಧಾರವಾಡದಲ್ಲೂ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಮಹಿಳೆಯ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು.

ಫೋನಿನಲ್ಲಿ ಉಳಿಸಿಕೊಳ್ಳಿ

112: ಪೊಲೀಸ್ ಸೇರಿದಂತೆ ಎಲ್ಲ ತುರ್ತು ನೆರವು
181: ಮಹಿಳಾ ಸಹಾಯವಾಣಿ
1098: ಮಕ್ಕಳ ಸಹಾಯವಾಣಿ
139: ರೈಲು ಪ್ರಯಾಣದಲ್ಲಿ ತೊಂದರೆಯಾದರೆ
108: ಆ್ಯಂಬುಲೆನ್ಸ್