ಬೇಸ್ ಗಿಟಾರ್: ದುಡ್ಡು ಮೊದಲು ಪಿಕಪ್ ಜೋಡಣೆಗೆ

ಬೇಸ್ ಗಿಟಾರಿನ ಬಹುತೇಕ ಭಾಗಗಳನ್ನು ಕೊಂಡ ಮೇಲೂ ಬದಲಾಯಿಸಿಕೊಳ್ಳಬಹುದು. ತಂತಿ, ಬಿರಡೆ, ಬ್ರಿಡ್ಜ್, ಒಳಗಿನ ವೈರಿಂಗ್ ಎಲ್ಲವೂ ಸ್ಕ್ರೂ ಬಿಚ್ಚಿದರೆ ಹೊರಬರುತ್ತವೆ. ಪಿಕಪ್ ಕೂಡ ಹೊರಬರುತ್ತದೆ, ಆದರೆ ಅದು ಕೂರುವ ಗುಳಿ ಮರದಲ್ಲಿ ಕೊರೆದದ್ದು. ಗುಳಿ ಎಷ್ಟಿವೆ, ಯಾವ ಆಕಾರದವು, ಎಲ್ಲಿವೆ ಎಂಬುದು ಕೊಂಡ ದಿನವೇ ಖಾಯಂ ಆಗುತ್ತದೆ. ಕೈಯಲ್ಲಿರುವ ದುಡ್ಡು ಕಡಿಮೆಯಿದ್ದಷ್ಟೂ ಜೋಡಣೆಯ ಆಯ್ಕೆಗೆ ತೂಕ ಹೆಚ್ಚು. ಪಿಕಪ್‌ನ ಬ್ರ್ಯಾಂಡ್ ಆಮೇಲಿನ ಮಾತು.

ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಬಿಗಿದ ತಾಮ್ರದ ಸಣ್ಣ ಎಳೆ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಪಿಕಪ್ ಬ್ರಿಡ್ಜ್‌ಗೆ ಹತ್ತಿರವಿದ್ದರೆ ನಾದ ತೆಳು, ಚುರುಕು. ಕುತ್ತಿಗೆಯ ಕಡೆ ಸರಿದಂತೆ ನಾದ ತುಂಬಿಕೊಳ್ಳುತ್ತದೆ.

ಒಂಟಿ ಸುರುಳಿಗೆ ಒಂದು ತೊಡಕಿದೆ. ತಂತಿಯ ಕಂಪನದ ಜೊತೆಗೆ ಸುತ್ತಲಿನ ವಿದ್ಯುತ್ತಿನ ಹಮ್ ಅನ್ನೂ ಅದು ಹಿಡಿಯುತ್ತದೆ. ನಮ್ಮಲ್ಲಿ ಮನೆಗೆ ಬರುವ ವಿದ್ಯುತ್ತು 50 ಹರ್ಟ್ಸ್‌ನದು. ಬೇಸ್‌ನ ದಪ್ಪ ತಂತಿಯನ್ನು ಮೂರನೇ ಫ್ರೆಟ್‌ನಲ್ಲಿ ಒತ್ತಿದರೆ ಬರುವ ಜಿ ಸ್ವರ 49 ಹರ್ಟ್ಸ್. ಹಮ್ ಹೀಗೆ ನುಡಿಸುವ ಸ್ವರದ ಮಗ್ಗುಲಲ್ಲೇ ಕೂತಿರುವುದರಿಂದ ಅದನ್ನು ಕತ್ತರಿಸಲು ಹೋದರೆ ಬೇಸ್‌ನ ತಳವೇ ಕರಗುತ್ತದೆ. ಗಣೇಶೋತ್ಸವದ ಆರ್ಕೆಸ್ಟ್ರಾ ವೇದಿಕೆಯಲ್ಲಿ ಡಿಮ್ಮರ್ ದೀಪಗಳು ಹತ್ತಿದ ಕ್ಷಣ ಒಂಟಿ ಸುರುಳಿಯ ಬೇಸ್ ಗುಂಯ್‌ಗುಡತೊಡಗುವುದನ್ನು ಕೇಳಿದವರಿಗೆ ಇದರ ಗಂಭೀರತೆ ಗೊತ್ತು. ಗುಳಿಯ ಒಳಗೆ ತಾಮ್ರದ ಹಾಳೆ ಅಂಟಿಸಿದರೆ ಜಿರ್ರೆನ್ನುವ ಗಲಾಟೆ ತಗ್ಗೀತು, ಆದರೆ ಟ್ರಾನ್ಸ್‌ಫಾರ್ಮರ್‌ಗಳ ಕಾಂತಕ್ಷೇತ್ರದಿಂದ ಬರುವ ಹಮ್ ಹೋಗದು. ಈ ಕೆಲಸಕ್ಕೆ ದುಡ್ಡು ಕೊಡುವ ಮುನ್ನ ಇದು ತಿಳಿದಿರಬೇಕು.

ಲಿಯೋ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್‌ನಲ್ಲಿ ಇದ್ದದ್ದು ಒಂಟಿ ಸುರುಳಿಯೇ. 1957ರಲ್ಲಿ ಅದನ್ನು ಎರಡು ತುಂಡು ಮಾಡಿ, ಒಂದೊಂದಕ್ಕೆ ಎರಡೆರಡು ತಂತಿ ಹಂಚಿ, ಸುತ್ತನ್ನೂ ಅಯಸ್ಕಾಂತದ ದಿಕ್ಕನ್ನೂ ಪರಸ್ಪರ ತಿರುವುಮುರುವು ಮಾಡಲಾಯಿತು. ತಂತಿಯ ನಾದ ಉಳಿಯಿತು, ಹಮ್ ಮಾತ್ರ ಒಂದನ್ನೊಂದು ಹೊಡೆದುಹಾಕಿತು. ಇದೇ ಇಂದಿನ ‘ಪಿ’ ಜೋಡಣೆ. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ್ದು ಇಂಥ ಬೇಸನ್ನೇ. ಡ್ರಮ್ಸ್, ಕೀಬೋರ್ಡ್, ಗಾಯಕರ ನಡುವೆ ಅದರ ಮಧ್ಯಸ್ಥಾಯಿಯ ಗಟ್ಟಿತನ ಕಳೆದುಹೋಗುವುದಿಲ್ಲ.

1960ರಲ್ಲಿ ಬಂದ ಜಾಝ್ ಬೇಸ್‌ನದು ಎರಡು ಒಂಟಿ ಸುರುಳಿಗಳ ‘ಜೆ’ ಜೋಡಣೆ. ಬೇಸ್ ವಾದಕ ಜಾಕೊ ಪ್ಯಾಸ್ಟೋರಿಯಸ್‌ ಅವರ ಹಾಡುವಂಥ ನಾದ ಇದರ ಬ್ರಿಡ್ಜ್ ಪಿಕಪ್‌ನಿಂದ ಬಂದದ್ದು. ಇಂದಿನ ಜಾಝ್ ಬೇಸ್‌ಗಳಲ್ಲಿ ಎರಡೂ ವಾಲ್ಯೂಮ್ ಪೂರ್ತಿ ತೆರೆದಾಗ ಹಮ್ ಸಾಮಾನ್ಯವಾಗಿ ಅಡಗುತ್ತದೆ, ಒಂದನ್ನು ಇಳಿಸಿದರೆ ಮರಳುತ್ತದೆ. ನಾದದ ಬಗೆ ಹೆಚ್ಚು ಬೇಕಾದವರಿಗೆ, ಸ್ಟುಡಿಯೋದಲ್ಲಿ ನುಡಿಸುವವರಿಗೆ ಇದು ಒಪ್ಪುತ್ತದೆ.

ಎರಡನ್ನೂ ಕೂಡಿಸಿದ ‘ಪಿಜೆ’ ಕಡಿಮೆ ಬೆಲೆಯ ವಾದ್ಯಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಯಮಾಹಾದ ಟಿಆರ್‌ಬಿಎಕ್ಸ್ 174 ಇದಕ್ಕೆ ಒಂದು ಉದಾಹರಣೆ. ಇದರಲ್ಲಿ ಪಿ ಪಿಕಪ್‌ನ ಸದ್ದು ಜೆಗಿಂತ ದೊಡ್ಡದಿರುವುದು ಸಾಮಾನ್ಯ, ಜೆ ತೆರೆದರೆ ಹಮ್ ಕೂಡ ಬರಬಹುದು. ಆದರೂ ಜೆ ವಾಲ್ಯೂಮ್ ಇಳಿಸಿದರೆ ಕೈಯಲ್ಲಿ ಒಂದು ಪೂರ್ಣ ಪಿ ಬೇಸ್ ಉಳಿಯುತ್ತದೆ. ಒಂದೇ ಬೇಸ್ ಕೊಳ್ಳಲು ಸಾಧ್ಯವಿರುವವರಿಗೆ ಈ ಅಂಕಣಕಾರರು ಸೂಚಿಸುವುದು ಇದನ್ನೇ, ತಾವು ನುಡಿಸುವುದೂ ಇದನ್ನೇ.

1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಹಮ್ ಅಡಗಿಸುವ ಹಮ್‌ಬಕರ್ ಪಿಕಪ್‌ನೊಂದಿಗೆ ಬ್ಯಾಟರಿಯಿಂದ ನಡೆಯುವ ಪ್ರಿಆ್ಯಂಪ್ ಅನ್ನು ಜನಪ್ರಿಯಗೊಳಿಸಿತು. ಅಗ್ಗದ ‘ಆ್ಯಕ್ಟಿವ್’ ಬೇಸ್‌ಗಳಲ್ಲಿ ಇದೇ ಪ್ರಿಆ್ಯಂಪ್ ಸಾಧಾರಣ ಪಿಕಪ್‌ನ ಕೊರತೆಯನ್ನು ಮುಚ್ಚುವುದುಂಟು. ಅಂಗಡಿಯಲ್ಲಿ ಬೇಸ್, ಟ್ರೆಬಲ್ ಗುಂಡಿಗಳನ್ನು ನಡುವಿಗೆ ತಂದು, ಒಂದೊಂದೇ ಪಿಕಪ್ ತೆರೆದು ಕೇಳಬೇಕು. ಕೇಬಲ್ ಚುಚ್ಚಿಟ್ಟಷ್ಟು ಹೊತ್ತೂ 9 ವೋಲ್ಟ್ ಬ್ಯಾಟರಿ ಸವೆಯುತ್ತದೆ. ಪ್ರಿಆ್ಯಂಪ್ ಬಿಟ್ಟು ನುಡಿಸಲು ಪ್ಯಾಸಿವ್ ಸ್ವಿಚ್ ಇಲ್ಲದ ವಾದ್ಯದಲ್ಲಿ ಬ್ಯಾಟರಿ ಸತ್ತರೆ ಸದ್ದೂ ಇಲ್ಲ.

ಖರ್ಚಿನ ಲೆಕ್ಕ ಇಲ್ಲಿಂದ ಸುಲಭ. ಪಿ ಮತ್ತು ಜೆ ಆಕಾರದ ಪಿಕಪ್‌ಗಳನ್ನು ಸೇಮೂರ್ ಡಂಕನ್, ಡಿಮಾರ್ಜಿಯೊ ಸೇರಿ ಹಲವು ಕಂಪನಿಗಳು ಮಾಡುತ್ತವೆ. ಒಂದೆರಡು ವರ್ಷ ನುಡಿಸಿದ ಮೇಲೆ ಒಳ್ಳೆಯದನ್ನು ತರಿಸಿ ಹಾಕಿಸಬಹುದು. ಕೆಲಸ ಬೆಸುಗೆ ಬಿಡಿಸಿ ಹಾಕುವುದಷ್ಟೇ, ಮರಕ್ಕೆ ಉಳಿ ತಾಕುವುದಿಲ್ಲ. ಆಯತಾಕಾರದ ಸೋಪ್‌ಬಾರ್ ಪಿಕಪ್‌ಗಳ ಅಳತೆ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದರಿಂದ ಅವಕ್ಕೆ ಬದಲಿ ಹುಡುಕುವುದು ಕಷ್ಟ. ಜೆಯಲ್ಲೂ ಒಂದು ಸೂಕ್ಷ್ಮವಿದೆ: ಮೂಲ ಅಳತೆಯಲ್ಲಿ ಬ್ರಿಡ್ಜ್ ಕಡೆಯದು ಕುತ್ತಿಗೆ ಕಡೆಯದಕ್ಕಿಂತ ತುಸು ಉದ್ದ, ಅಗ್ಗದ ವಾದ್ಯಗಳಲ್ಲಿ ಹಲವೆಡೆ ಎರಡೂ ಒಂದೇ. ಆರ್ಡರ್ ಮಾಡುವ ಮುನ್ನ ಎರಡೂ ಕವರ್‌ಗಳ ಉದ್ದವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆದು ಬರೆದಿಟ್ಟುಕೊಳ್ಳಬೇಕು.