ಕೂತಾಗ 95, ನಡೆದಾಗ 84

ಆರಗ, ಬೇಡಗ ಕಡೆಯ ಪೇಷಂಟುಗಳು ಮಿರಜಿನಲ್ಲಿ ನನ್ನ ಮುಂದೆ ಕೂತರೆ ಎರಡನೇ ಮಾತಿಗೇ ಮರಾಠಿ ಬಿಟ್ಟು ಕನ್ನಡಕ್ಕೆ ಇಳಿಯುತ್ತಾರೆ. ಶ್ವಾಸಕೋಶದ ಒಳಗೋಡೆ ಗಡುಸಾಗುವ ಐಎಲ್‌ಡಿ ಬಗ್ಗೆ ನನಗೆ ಪಾಠ ಹೇಳಿದವರು ಇವರೇ.

1. ನಡೆಸಿ ನೋಡಬೇಕು. ಎಲೆತೋಟದಲ್ಲಿ ದುಡಿದ ಅಜ್ಜ ಒಬ್ಬರು, "ಕೂತ್ರ ಏನೂ ಇಲ್ರೀ ಸಾಹೇಬ್ರ, ನಾಕ ಹೆಜ್ಜಿ ನಡದ್ರ ದಮ್ಮ ಹತ್ತತೈತ್ರಿ" ಅಂದರು. ಆಕ್ಸಿಮೀಟರ್ 95 ತೋರಿಸಿತು. ಕೆಮ್ಮಿನ ಔಷಧಿ ಬರೆದು ಕಳಿಸಿಬಿಟ್ಟೆ. ತಿಂಗಳಾದ ಮೇಲೆ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿದೆ. ಮೂರನೇ ಸುತ್ತಿಗೇ 84.

2. ಆಕ್ಸಿಜನ್ ಇಳಿಯಲು ಗೋಡೆ ದಪ್ಪವಾಗಿದ್ದೇ ಕಾರಣ ಎಂದು ನಾನೂ ಓದಿಕೊಂಡು ಬಂದವನು. ಅದು ಅರ್ಧ ಸತ್ಯ. ಕೂತಾಗಿನ ಕೊರತೆಗೆ ದೊಡ್ಡ ಕಾರಣ ಗಾಳಿ, ರಕ್ತದ ತಾಳ ತಪ್ಪುವುದು. ಅಜ್ಜನಿಗೆ ಹೀಗೆ ಹೇಳಿದೆ: ಜನ ನಿಂತ ಊರಿಗೆ ಬಸ್ಸಿಲ್ಲ, ಬಸ್ಸು ಹೋದ ಊರಲ್ಲಿ ಜನವಿಲ್ಲ. ಗಡುಸಾದ ಭಾಗಕ್ಕೆ ಗಾಳಿ ಸಾಕಷ್ಟು ಹೋಗದು, ರಕ್ತ ಮಾತ್ರ ಹರಿದು ಹೆಚ್ಚುಕಡಿಮೆ ಬರಿಗೈಲಿ ವಾಪಸು. ನಡೆದಾಗ ದಪ್ಪ ಗೋಡೆಯೂ ಕೈ ಸೇರಿಸುತ್ತದೆ. ಸುಮ್ಮನೆ ಕೂತಾಗ ಕೆಂಪು ರಕ್ತಕಣ ಗಾಳಿಚೀಲದ ಪಕ್ಕ ಮುಕ್ಕಾಲು ಸೆಕೆಂಡು ಇರುತ್ತದೆ. ಜೋರಾಗಿ ದುಡಿದರೆ ಕಾಲು ಸೆಕೆಂಡು. "ಅಂದ್ರ ನಮ್ಮ ಆರಗ ಸ್ಟೇಷನ್ನಿನ ರೈಲಿನ್ಹಂಗ" ಎಂದರು ಅಜ್ಜ. ಹೌದು: ನಿಲ್ಲುವುದು ಚೂರು ಹೊತ್ತು, ಬಾಗಿಲೂ ಇಕ್ಕಟ್ಟು. ಸಾಲದ್ದಕ್ಕೆ, ದುಡಿದ ಕಾಲಿನಿಂದ ಮರಳುವ ರಕ್ತದಲ್ಲೂ ಆಕ್ಸಿಜನ್ ಕಡಿಮೆ.

3. ಕಾರ್ಬನ್ ಡೈಆಕ್ಸೈಡ್ ಸರಿಯಿದೆ ಎಂದು ನೆಮ್ಮದಿ ಬೇಡ. ಅದು ಆಕ್ಸಿಜನ್‌ಗಿಂತ ಸುಮಾರು 20 ಪಟ್ಟು ಸಲೀಸಾಗಿ ಗೋಡೆ ದಾಟುತ್ತದೆ. ರೋಗಿ ಏದುಸಿರು ಬಿಡುತ್ತ ಅದನ್ನು ಇನ್ನಷ್ಟು ಹೊರಹಾಕಿರುತ್ತಾನೆ.

4. ಆಕ್ಸಿಜನ್ ಹಚ್ಚಿದರೆ ಸಾಮಾನ್ಯವಾಗಿ ಅಂಕಿ ಏರುತ್ತದೆ. ಏರದಿದ್ದರೆ, ಅಥವಾ ನಾಲ್ಕೇ ದಿನದಲ್ಲಿ ಕುಸಿದರೆ, ಹಳೆ ರೋಗವೇ ಎಂದು ಸುಮ್ಮನಾಗಬಾರದು: ನ್ಯುಮೋನಿಯಾ, ರಕ್ತದ ಗಡ್ಡೆ, ರೋಗದ ದಿಢೀರ್ ಉಲ್ಬಣ ಹುಡುಕಬೇಕು. ಶ್ವಾಸಕೋಶದ ರಕ್ತನಾಳದ ಒತ್ತಡ ಏರಿದೆಯೇ ಎಂದು ಎಕೋ ಕೂಡ. ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ತಪ್ಪು ತೋರಿಸಬಹುದು, ಮೊದಲು ಉಜ್ಜಿ ಬೆಚ್ಚಗೆ ಮಾಡಿ.

5. ಮನೆ ವಿಚಾರಿಸಿ. 2017ರಲ್ಲಿ ಪ್ರಕಟವಾದ ಭಾರತದ ಐಎಲ್‌ಡಿ ದಾಖಲೆಯ 1084 ರೋಗಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಜನರದ್ದು ಉಸಿರಿನೊಂದಿಗೆ ಒಳಹೋದ ಧೂಳು, ಬೂಸ್ಟು, ಹಕ್ಕಿಗಳ ಪುಕ್ಕ-ಹಿಕ್ಕೆಯಂಥವು ಒಗ್ಗದೆ ಬಂದ ರೋಗ. ಏರ್ ಕೂಲರ್ ಮೇಲೂ ಅನುಮಾನವಿತ್ತು. ನಾನು ಅಜ್ಜನ ಶ್ವಾಸಕೋಶದ ಸಿಟಿ ಎರಡು ಸಲ ಮಾಡಿಸಿದ್ದೆ. ಅವರ ಅಟ್ಟದ ಮೇಲೆ ಮೂವತ್ತು ಪಾರಿವಾಳ ಇವೆ ಎಂದು ತಿಳಿದದ್ದು ಮೂರನೇ ಭೇಟಿಯಲ್ಲಿ, ಅದೂ ಮೊಮ್ಮಗ ಬಾಯಿಬಿಟ್ಟಾಗ.